ಕುತ್ತಿಗೆಯೊಳಗಿನ ಕಪ್ಪು ಜಾಡು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಥೈರಾಯ್ಡ್ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದವೇ ಹೆಚ್ಚಾಗಿದ್ದವು. ಅವುಗಳಲ್ಲಿ ಐದು ಪತ್ರಗಳು ಕುತ್ತಿಗೆಯೊಳಗೆ ಬಣ್ಣ ಚುಚ್ಚಿ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್‌ಗಳನ್ನು) ಗುರುತಿಸುವ ವಿಧಾನವನ್ನೇ ಕುರಿತಿದ್ದುದರಿಂದ, ಈ ಸಂಚಿಕೆಯ ಅಂಕಣವನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನನ್ನ ಹೆಂಡತಿಗೆ 38 ವರ್ಷ. ಥೈರಾಯ್ಡಿನ ಬಲಭಾಗದಲ್ಲಿ 1.6 ಸೆಂಟಿಮೀಟರಿನ ಗಂಟಿದ್ದು, ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಎಂದು ಬಂದಿದೆ. ಸ್ಕ್ಯಾನಿಂಗ್‌ನಲ್ಲಿ ದುಗ್ಧಗ್ರಂಥಿಗಳಿಗೆ ಏನೂ ಆಗಿಲ್ಲ ಎಂದಿದ್ದಾರೆ. ಚೀನಾದಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದುನ, ಅಲ್ಲಿ ಥೈರಾಯ್ಡಿಗೆ ಕಪ್ಪು ದ್ರವ ಚುಚ್ಚಿ, ಕ್ಯಾನ್ಸರ್ ಹರಡಿದ ಗ್ರಂಥಿಗಳನ್ನೆಲ್ಲ ಹುಡುಕಿ ತೆಗೆಯುತ್ತಾರೆ, ಇಲ್ಲಿಯೂ ಅದನ್ನೇ ಮಾಡಿಸಿ ಎನ್ನುತ್ತಾನೆ. ನಾವು ಪಟ್ಟು ಹಿಡಿದು ಮಾಡಿಸಬೇಕೆ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಭಾವಮೈದುನ ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಚೀನಾದ ಆಸ್ಪತ್ರೆಗಳಲ್ಲಿ ಇಂಗಾಲದ ಅತಿಸೂಕ್ಷ್ಮ ಕಣಗಳನ್ನು ತೇಲಿಬಿಟ್ಟ ಕಪ್ಪು ದ್ರವವನ್ನು ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ವ್ಯಾಪಕವಾಗಿ ಬಳಸುತ್ತಾರೆ. ಆದರೆ ಆ ದ್ರವ ಕ್ಯಾನ್ಸರನ್ನು ಹುಡುಕುವುದಿಲ್ಲ. ಥೈರಾಯ್ಡಿನಿಂದ ಹೊರಟ ದುಗ್ಧರಸ (ಲಿಂಫ್ ಎಂಬ, ಅಂಗಾಂಶಗಳಿಂದ ಬಸಿದುಬರುವ ದ್ರವ) ಯಾವ ದಾರಿಯಲ್ಲಿ ಹರಿದು ಯಾವ ಗ್ರಂಥಿಗಳನ್ನು ಸೇರುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ನೀವು ಅಡಿಕೆ ತೋಟದ ಸೀಮೆಯವರಾದ್ದರಿಂದ ಬಸಿಗಾಲುವೆಯನ್ನು ನೆನೆದುಕೊಳ್ಳಿ. ತೋಟದ ತಲೆಯಲ್ಲಿ ಕಾಲುವೆಗೆ ಒಂದಿಷ್ಟು ನೀಲಿ ಕದಡಿದರೆ, ಆ ನೀರು ಯಾವ ಗುಂಡಿಗೆ ಹೋಗಿ ನಿಲ್ಲುತ್ತದೆಂದು ಬಣ್ಣದಿಂದ ತಿಳಿಯುತ್ತದೆ, ಆದರೆ ಆ ಗುಂಡಿಯಲ್ಲಿ ರೋಗದ ಬೀಜವಿದೆಯೇ ಎಂಬುದನ್ನು ನೀಲಿ ಹೇಳುವುದಿಲ್ಲ. ಅದನ್ನು ಹೇಳುವುದು ತೆಗೆದ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ರೋಗನಿದಾನ ತಜ್ಞರು ಮಾತ್ರ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಇಂಗಾಲವೇ ಏಕೆ ಎಂಬುದು ಸ್ವಾರಸ್ಯದ ಸಂಗತಿ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೋಮೀಟರ್. ಈ ದ್ರವದಲ್ಲಿರುವ ಕಣದ ಸರಾಸರಿ ಅಗಲ ಸುಮಾರು 150 ನ್ಯಾನೋಮೀಟರ್. ರಕ್ತದ ಅತಿಸಣ್ಣ ನಾಳಗಳ ಗೋಡೆಯಲ್ಲಿರುವ ಸಂದುಗಳು 20ರಿಂದ 50 ನ್ಯಾನೋಮೀಟರಿನಷ್ಟು ಕಿರಿದಾಗಿರುವುದರಿಂದ ಕಣ ಅಲ್ಲಿ ನುಸುಳಲಾರದು. ದುಗ್ಧನಾಳಗಳ ಸಂದುಗಳು 120ರಿಂದ 500ರವರೆಗೆ ಇರುವುದರಿಂದ ಅಲ್ಲಿ ಸಲೀಸಾಗಿ ಒಳಸೇರುತ್ತದೆ. ಗ್ರಂಥಿ ತಲುಪಿದ ಮೇಲೆ ಅಲ್ಲಿನ ಭಕ್ಷಕ ಕೋಶಗಳು ಅದನ್ನು ನುಂಗಿಕೊಳ್ಳುವುದರಿಂದ ಬಣ್ಣ ಮುಂದಕ್ಕೆ ಹರಿದುಹೋಗದೆ ಅಲ್ಲಿಯೇ ಉಳಿಯುತ್ತದೆ. ಮೆಥಿಲೀನ್ ಬ್ಲೂನಂಥ ನೀಲಿ ಬಣ್ಣಗಳಿಗೆ ಈ ಗುಣವಿಲ್ಲ; ಅವು ಬೇಗ ಬರುತ್ತವೆ, ಬೇಗ ಹೋಗುತ್ತವೆ, ಸುತ್ತಲಿನ ಅಂಗಾಂಶಕ್ಕೂ ಹರಡುತ್ತವೆ.

ಚುಚ್ಚುವ ಕೆಲಸ ನೋಡಲು ಸರಳವೆನಿಸಿದರೂ ಬಹಳ ನಾಜೂಕಿನದು. ಶಸ್ತ್ರವೈದ್ಯರು ಥೈರಾಯ್ಡಿನ ಮುಂಭಾಗವನ್ನಷ್ಟೇ ತೆರೆದು, ಬದಿಗಳನ್ನು ಬಿಡಿಸುವ ಮೊದಲೇ, ಇನ್ಸುಲಿನ್ ಸಿರಿಂಜಿನಷ್ಟು ಸಣ್ಣ ಸಿರಿಂಜಿನಿಂದ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಷ್ಟನ್ನು ಒಂದೆರಡು ಕಡೆ ಥೈರಾಯ್ಡಿನ ಹೊದಿಕೆಯ ಕೆಳಗೆ ಬಿಡುತ್ತಾರೆ. ಬದಿಗಳನ್ನು ಮೊದಲೇ ಬಿಡಿಸಿದರೆ ದುಗ್ಧನಾಳಗಳು ಹರಿದುಹೋಗಿ ಬಣ್ಣಕ್ಕೆ ದಾರಿಯೇ ಇರುವುದಿಲ್ಲ. ಸೂಜಿ ರಕ್ತನಾಳದೊಳಗೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸಿರಿಂಜಿನ ದಂಡವನ್ನು ಒಮ್ಮೆ ಹಿಂದಕ್ಕೆಳೆದು ನೋಡಬೇಕು. ಸೂಜಿ ತೆಗೆದ ತಕ್ಷಣ ರಂಧ್ರವನ್ನು ಬಟ್ಟೆಯ ಉಂಡೆಯಿಂದ ಒತ್ತಿಹಿಡಿಯಬೇಕು. ಒಂದು ಹನಿ ಹೊರಗೆ ಸೋರಿದರೂ ನಿಷ್ಕರ್ಷೆಯಿಂದ ನೋಡಬೇಕಾದ ಜಾಗವೆಲ್ಲ ಮಸಿ ಚೆಲ್ಲಿದಂತಾಗುತ್ತದೆ. ಐದು, ಹತ್ತು ನಿಮಿಷ ಕಾದರೆ ಥೈರಾಯ್ಡ್ ಕಪ್ಪಾಗುತ್ತದೆ, ಅದರ ಕೆಳಗಿನ ಕೊಬ್ಬಿನಲ್ಲಿ ಅಲ್ಲೊಂದು ಇಲ್ಲೊಂದು ಎಳ್ಳಿನಷ್ಟು, ಹುರುಳಿಕಾಳಿನಷ್ಟು ಕಪ್ಪು ಚುಕ್ಕೆಗಳಂತೆ ದುಗ್ಧಗ್ರಂಥಿಗಳು ಎದ್ದು ಕಾಣುತ್ತವೆ.

ಈಗ ನಿಮ್ಮ ಮನೆಯವರ ವಿಷಯ. ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಸ್ಕ್ಯಾನಿಂಗ್‌ಗೆ ಕಾಣದಷ್ಟು ಸಣ್ಣ ಹರಡುವಿಕೆ ಕುತ್ತಿಗೆಯ ನಡುಭಾಗದ ಗ್ರಂಥಿಗಳಲ್ಲಿ ಅನೇಕರಿಗೆ ಇರುತ್ತದೆ. ಆದರೆ ಹಾಗಿರುವ ಎಲ್ಲರಲ್ಲಿಯೂ ಅದು ಮುಂದೆ ಬೆಳೆದು ತೊಂದರೆ ಕೊಡುವುದಿಲ್ಲ. ಅದಕ್ಕಾಗಿಯೇ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, 4 ಸೆಂಟಿಮೀಟರಿಗಿಂತ ಚಿಕ್ಕದಾದ, ಥೈರಾಯ್ಡಿನ ಹೊರಗೆ ಚಾಚದ, ದುಗ್ಧಗ್ರಂಥಿಗಳು ಊದಿಕೊಂಡಿರದ ಇಂಥ ಗಂಟುಗಳಿಗೆ ಮುನ್ನೆಚ್ಚರಿಕೆಯೆಂದು ಗ್ರಂಥಿಗಳನ್ನು ತೆಗೆಯದಿರುವುದು ಸೂಕ್ತವೆಂದಿತು; 1ರಿಂದ 4 ಸೆಂಟಿಮೀಟರಿನವರಿಗೆ ಥೈರಾಯ್ಡಿನ ಅರ್ಧಭಾಗವನ್ನಷ್ಟೇ ತೆಗೆಯುವ ಆಯ್ಕೆಯನ್ನೂ ಕೊಟ್ಟಿತು. ಚೀನಾದಲ್ಲಿ ರೋಗವಿರುವ ಬದಿಯ ನಡುಭಾಗದ ಗ್ರಂಥಿಗಳನ್ನು ಮುನ್ನೆಚ್ಚರಿಕೆಯಾಗಿ ತೆಗೆಯುವ ಪದ್ಧತಿ ಹೆಚ್ಚು. ಕಪ್ಪು ದ್ರವ ಅಲ್ಲಿ ಅಷ್ಟು ಬೇರೂರಿರುವುದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ: ಗ್ರಂಥಿಗಳನ್ನು ತೆಗೆಯಲೇಬೇಕೆಂದು ನಿರ್ಧರಿಸಿದ ಮೇಲೆ ಅವನ್ನು ಚೆನ್ನಾಗಿ ಕಾಣುವಂತೆ ಮಾಡಿಕೊಳ್ಳುವುದು ಸಹಜವೇ ಆಗಿದೆ. ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ಬಣ್ಣದ ವಿಷಯವನ್ನಲ್ಲ. "ಗ್ರಂಥಿಗಳನ್ನು ತೆಗೆಯುವ ಅಗತ್ಯವಿದೆಯೇ, ಅರ್ಧ ಥೈರಾಯ್ಡ್ ಉಳಿಸಬಹುದೇ, ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ" ಎಂದು ಸಂಕೋಚವಿಲ್ಲದೆ ಕೇಳಿ. ಕೊನೆಯ ಪ್ರಶ್ನೆಯಿಂದ ಯಾವ ಒಳ್ಳೆಯ ಶಸ್ತ್ರವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಮೆರಿಕದ ಅಧ್ಯಯನವೊಂದರಲ್ಲಿ ವರ್ಷಕ್ಕೆ 25ಕ್ಕಿಂತ ಹೆಚ್ಚು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡುವವರ ಕೈಯಲ್ಲಿ ತೊಡಕುಗಳು ಕಡಿಮೆ ಎಂದು ಕಂಡುಬಂದಿದೆ. ಬಣ್ಣಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾಡುವುದು ಈ ಕೈಯ ಅಭ್ಯಾಸವೇ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ನನ್ನ ಅತ್ತಿಗೆಗೆ 44 ವರ್ಷ. ಪ್ಯಾಪಿಲರಿ ಕ್ಯಾನ್ಸರ್‌ಗೆ ಆಪರೇಷನ್ ಆಯಿತು, ಬಣ್ಣ ಬಳಸಿ ಗ್ರಂಥಿಗಳನ್ನು ತೆಗೆದರಂತೆ. ರಿಪೋರ್ಟಿನಲ್ಲಿ 14 ದುಗ್ಧಗ್ರಂಥಿಗಳ ಪೈಕಿ 3ರಲ್ಲಿ ಕ್ಯಾನ್ಸರ್ ಇದೆ ಎಂದಿದೆ. ಹಾಗಾದರೆ ಉಳಿದ 11ನ್ನು ವೃಥಾ ತೆಗೆದರೇ? ರೋಗದ ಹಂತ ಮೇಲೇರಿತೇ? (ಮೈಸೂರಿನ ಓದುಗರು)

ಉತ್ತರ: ವೃಥಾ ತೆಗೆದರೆಂದು ತಿಳಿಯಬೇಡಿ. ಕುತ್ತಿಗೆಯ ನಡುಭಾಗದ ಗ್ರಂಥಿಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದಿಲ್ಲ. ಅವು ಹುದುಗಿರುವ ಕೊಬ್ಬಿನ ಸಮೇತ ಒಂದು ತುಂಡಾಗಿ ತೆಗೆಯುತ್ತಾರೆ. ಬಣ್ಣ ಹಿಡಿದ ಗ್ರಂಥಿಯಲ್ಲಿ ಕ್ಯಾನ್ಸರ್ ಇರಲೇಬೇಕೆಂದಿಲ್ಲ. ಇದರ ಮಗ್ಗುಲಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು, ಇದನ್ನು ಎಷ್ಟೋ ಸಲ ಯಾರೂ ಹೇಳುವುದಿಲ್ಲ: ಕ್ಯಾನ್ಸರ್ ಪೂರ್ತಿ ತುಂಬಿಕೊಂಡ ಗ್ರಂಥಿಗೆ ಒಮ್ಮೊಮ್ಮೆ ಬಣ್ಣವೇ ಹತ್ತುವುದಿಲ್ಲ, ಏಕೆಂದರೆ ಅದರೊಳಗೆ ದುಗ್ಧರಸ ಹರಿಯುವ ದಾರಿಯೇ ಮುಚ್ಚಿಹೋಗಿರುತ್ತದೆ. ಹಾಗಾಗಿ ಅನುಭವಿ ಶಸ್ತ್ರವೈದ್ಯರು ಕಪ್ಪಾದದ್ದನ್ನಷ್ಟೇ ತೆಗೆದು ಸುಮ್ಮನಾಗುವುದಿಲ್ಲ. ಗಟ್ಟಿಯಾಗಿ, ದುಂಡಗೆ ಬೆರಳಿಗೆ ತಾಗುವುದನ್ನು, ಅದರ ಬಣ್ಣ ಏನೇ ಇರಲಿ, ಬಿಡುವುದಿಲ್ಲ.

14 ಎಂಬ ಸಂಖ್ಯೆಯ ಹಿಂದೆಯೂ ಬಣ್ಣದ ಕೈವಾಡವಿರಬಹುದು. ಪ್ರಯೋಗಾಲಯದಲ್ಲಿ ರೋಗನಿದಾನ ತಜ್ಞರು ಆ ಹಳದಿ ಕೊಬ್ಬನ್ನು ಬೆರಳುಗಳ ನಡುವೆ ಹಿಸುಕಿ ನೋಡುತ್ತ ಗ್ರಂಥಿಗಳನ್ನು ಹುಡುಕುತ್ತಾರೆ. ಎರಡು ಮಿಲಿಮೀಟರಿನ ಗ್ರಂಥಿ ಹೀಗೆ ಕೈತಪ್ಪುವುದು ಸುಲಭ, ಕಪ್ಪಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಇಂಗಾಲ ಬಳಸಿದಾಗ ಲೆಕ್ಕಕ್ಕೆ ಸಿಗುವ ಗ್ರಂಥಿಗಳ ಸಂಖ್ಯೆ ಹೆಚ್ಚುತ್ತದೆಂದು ಅನೇಕ ಅಧ್ಯಯನಗಳು ಹೇಳಿವೆ. ಹಾಗೆಂದು ಹೆಚ್ಚು ಗ್ರಂಥಿ ಸಿಕ್ಕಿದ್ದರಿಂದಲೇ ರೋಗಿಯ ಆಯುಸ್ಸು ಹೆಚ್ಚಿತು ಎಂದು ಸಾಬೀತಾಗಿಲ್ಲ. ಹೆಚ್ಚು ಹುಡುಕಿದಾಗ ಹೆಚ್ಚು ಸಿಕ್ಕಿತು, ರೋಗ ಮೊದಲು ಎಷ್ಟಿತ್ತೋ ಅಷ್ಟೇ ಇದೆ.

ಹಂತದ ಬಗ್ಗೆ ನೆಮ್ಮದಿಯಿಂದಿರಿ. 2018ರಿಂದ ಜಾರಿಯಲ್ಲಿರುವ ವರ್ಗೀಕರಣದ ಪ್ರಕಾರ 55 ವರ್ಷದೊಳಗಿನವರಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಶ್ವಾಸಕೋಶ, ಮೂಳೆಯಂಥ ದೂರದ ಅಂಗಗಳಿಗೆ ಹೋಗಿರದಿದ್ದರೆ, ದುಗ್ಧಗ್ರಂಥಿಗಳಲ್ಲಿ ಇದ್ದರೂ ಅದು ಮೊದಲನೆಯ ಹಂತವೇ. ಮರುಕಳಿಸುವ ಸಾಧ್ಯತೆಯನ್ನು ಅಳೆಯುವುದು ಬೇರೆ ಲೆಕ್ಕ. ಅದಕ್ಕೆ ರಿಪೋರ್ಟಿನಲ್ಲಿ ಎರಡು ಸಾಲುಗಳನ್ನು ಹುಡುಕಿ: ಗ್ರಂಥಿಯೊಳಗಿನ ಕ್ಯಾನ್ಸರ್ ಮಚ್ಚೆಯ ಅಳತೆ ಎಷ್ಟು, ಅದು ಗ್ರಂಥಿಯ ಹೊದಿಕೆಯನ್ನು ಒಡೆದು ಹೊರಗೆ ಬಂದಿದೆಯೇ. ಮೂರರಲ್ಲಿಯೂ ಮಚ್ಚೆ 2 ಮಿಲಿಮೀಟರಿಗಿಂತ ಕಡಿಮೆಯಿದ್ದು, ಬೇರೆ ಅಪಾಯದ ಲಕ್ಷಣಗಳಿಲ್ಲದಿದ್ದರೆ ಆಕೆ ಕಡಿಮೆ ಅಪಾಯದ ಗುಂಪಿಗೇ ಸೇರುತ್ತಾರೆ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಸ್ತನ ಕ್ಯಾನ್ಸರ್‌ನಲ್ಲಿ ಕಾವಲು ಗ್ರಂಥಿಯ ಪರೀಕ್ಷೆ ಎಲ್ಲೆಡೆ ನಡೆಯುತ್ತದೆ. ಥೈರಾಯ್ಡಿನಲ್ಲಿ ಅದೇಕೆ ರೂಢಿಗೆ ಬಂದಿಲ್ಲ? (ಹುಬ್ಬಳ್ಳಿಯ ಓದುಗರು)

ಉತ್ತರ: ಪತ್ರದಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಗಂಟಿನಿಂದ ಹೊರಟ ದುಗ್ಧರಸ ಮೊದಲು ತಲುಪುವ ಗ್ರಂಥಿಯಲ್ಲಿ (ಇದೇ ಕಾವಲು ಗ್ರಂಥಿ) ರೋಗವಿಲ್ಲದಿದ್ದರೆ ಮುಂದಿನವುಗಳಲ್ಲಿಯೂ ಇರಲಾರದು ಎಂಬ ಈ ಕಲ್ಪನೆಯನ್ನು 1977ರಲ್ಲಿ ರಾಮೋನ್ ಕಬಾನ್ಯಾಸ್ ಶಿಶ್ನದ ಕ್ಯಾನ್ಸರ್‌ನ ಸಂದರ್ಭದಲ್ಲಿ ಮಂಡಿಸಿದರು. 1992ರಲ್ಲಿ ಡೊನಾಲ್ಡ್ ಮಾರ್ಟನ್ ನೀಲಿ ಬಣ್ಣ ಬಳಸಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಅದನ್ನು ಕಾರ್ಯರೂಪಕ್ಕೆ ತಂದರು, 1994ರಲ್ಲಿ ಅರ್ಮಾಂಡೋ ಜೂಲಿಯಾನೋ ಸ್ತನ ಕ್ಯಾನ್ಸರ್‌ಗೆ ಅನ್ವಯಿಸಿದರು, 1998ರಲ್ಲಿ ಥೈರಾಯ್ಡಿನ ಸರದಿ ಬಂತು. ಅಂದರೆ ನಾಲ್ಕೇ ವರ್ಷಗಳ ಅಂತರವಿದ್ದರೂ ಒಂದು ರೂಢಿಯಾಯಿತು, ಇನ್ನೊಂದು ಪ್ರಯೋಗದ ಹಂತದಲ್ಲಿಯೇ ಉಳಿಯಿತು.

ಕಾರಣಗಳಲ್ಲಿ ಮೊದಲನೆಯದು ಲಾಭದ ಪ್ರಮಾಣ. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದರೆ ತೋಳು ಜೀವನಪರ್ಯಂತ ಊದಿಕೊಳ್ಳುವ ಭಯವಿದೆ. ಕಾವಲು ಗ್ರಂಥಿ ಶುದ್ಧವಾಗಿದ್ದರೆ ಆ ಸಂಕಟದಿಂದ ಹೆಣ್ಣುಮಗಳನ್ನು ಪಾರುಮಾಡಬಹುದು. ಥೈರಾಯ್ಡಿನಲ್ಲಿಯಾದರೋ ಕಡಿಮೆ ಅಪಾಯದ ರೋಗಿಗಳಿಗೆ ಗ್ರಂಥಿಗಳನ್ನು ಮುಟ್ಟದೆಯೂ ಒಳ್ಳೆಯ ಫಲಿತಾಂಶ ಸಿಗುತ್ತದೆ. ಎರಡನೆಯದು ಶರೀರ ರಚನೆ. ಥೈರಾಯ್ಡಿನ ದುಗ್ಧರಸ ಮೇಲಕ್ಕೆ, ಕೆಳಕ್ಕೆ, ಎರಡೂ ಪಕ್ಕಗಳಿಗೆ ಹರಿಯುತ್ತದೆ, ಕೆಲವರಲ್ಲಿ ನಡುಭಾಗವನ್ನು ಹಾರಿ ನೇರವಾಗಿ ಕುತ್ತಿಗೆಯ ಪಕ್ಕಕ್ಕೇ ಹೋಗುತ್ತದೆ. ಹಾಗಾಗಿ ನಡುಭಾಗದ ಕಾವಲು ಗ್ರಂಥಿ ಶುದ್ಧವೆಂದು ಬಂದರೂ ನಿಶ್ಚಿಂತೆಯಿಂದ ಇರಲಾಗದು. ಬಣ್ಣದ ಬದಲು ವಿಕಿರಣಶೀಲ ಟೆಕ್ನೀಶಿಯಂ ಬಳಸಿ, ವಿಕಿರಣ ತಾಗಿದಾಗ ಸದ್ದು ಮಾಡುವ ಸಲಕರಣೆಯಿಂದ ಹುಡುಕಿದರೆ ಗ್ರಂಥಿ ಸಿಗುವ ಪ್ರಮಾಣ ಹೆಚ್ಚು, ಕುತ್ತಿಗೆಯ ಪಕ್ಕದ ಗ್ರಂಥಿಗಳೂ ಗೊತ್ತಾಗುತ್ತವೆ. ಆದರೆ ಚುಚ್ಚಿದ ಜಾಗಕ್ಕೂ ಗ್ರಂಥಿಗೂ ಒಂದೆರಡು ಸೆಂಟಿಮೀಟರಷ್ಟೇ ಅಂತರವಿರುವುದರಿಂದ ಥೈರಾಯ್ಡಿನ ವಿಕಿರಣದ ಅಬ್ಬರದಲ್ಲಿ ಪಕ್ಕದ ಗ್ರಂಥಿಯ ದನಿ ಕೇಳಿಸದೆ ಹೋಗುತ್ತದೆ.

ಇನ್ನೊಂದನ್ನು ನೆನಪಿಡಿ. ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ನಡುಭಾಗದ ಗ್ರಂಥಿಗಳನ್ನು ಹೇಗೂ ತೆಗೆಯುವುದೇ ನಿಯಮವಾದ್ದರಿಂದ, ತೆಗೆಯಬೇಕೆ ಬೇಡವೆ ಎಂದು ಹೇಳಲು ಅಲ್ಲಿ ಕಾವಲು ಗ್ರಂಥಿಯ ಅಗತ್ಯವಿಲ್ಲ.

ಪ್ರಶ್ನೆ: 62 ವರ್ಷದ ನಮ್ಮ ತಾಯಿಗೆ ಪೂರ್ತಿ ಥೈರಾಯ್ಡ್ ಮತ್ತು ಗ್ರಂಥಿಗಳನ್ನು ತೆಗೆದ ಮಾರನೆಯ ದಿನದಿಂದ ತುಟಿ, ಬೆರಳ ತುದಿ ಜುಮ್ಮೆನ್ನುತ್ತಿವೆ. ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ದಿನಾ ರಾಗಿ ಮುದ್ದೆ ಉಣ್ಣುವವರಿಗೆ ಮಾತ್ರೆ ಬೇಕೆ? ಬಣ್ಣ ಬಳಸಿದ್ದರೆ ಹೀಗಾಗುತ್ತಿರಲಿಲ್ಲವೇ? (ಕೋಲಾರ ಜಿಲ್ಲೆಯ ಓದುಗರು)

ಉತ್ತರ: ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಒಂದೊಂದರ ತೂಕ 30ರಿಂದ 50 ಮಿಲಿಗ್ರಾಂ, ಗಾತ್ರ ಒಂದು ಬೇಳೆಯಷ್ಟು. ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿತದಲ್ಲಿಡುವುದು ಅವುಗಳ ಹಾರ್ಮೋನು. ಆಪರೇಷನ್ನಿನಲ್ಲಿ ಅವುಗಳ ರಕ್ತಸಂಚಾರಕ್ಕೆ ಪೆಟ್ಟುಬಿದ್ದರೆ ಒಂದೆರಡು ದಿನಗಳಲ್ಲಿ ಕ್ಯಾಲ್ಸಿಯಂ ಇಳಿದು ಈ ಜುಮ್ಮು ಶುರುವಾಗುತ್ತದೆ. ರಾಗಿ ಒಳ್ಳೆಯ ಆಹಾರವೇ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಆ ಹಾರ್ಮೋನು ಇಲ್ಲದಿದ್ದಾಗ ಮೂತ್ರಪಿಂಡದಲ್ಲಿ ಡಿ ಜೀವಸತ್ವ ಸಕ್ರಿಯ ರೂಪಕ್ಕೆ ಬರುವುದು ಕುಗ್ಗುತ್ತದೆ, ಅದಿಲ್ಲದೆ ಕರುಳು ಮುದ್ದೆಯಲ್ಲಿರುವ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳದು. ಜುಮ್ಮು ಹೆಚ್ಚಿ ಕೈಬೆರಳುಗಳು ಸೆಟೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ನಾಲ್ಕು ಗಂಟೆಯ ಅಂತರವಿರಲಿ, ಇಲ್ಲದಿದ್ದರೆ ಮೊದಲನೆಯದು ಮೈಗೆ ಹತ್ತುವುದಿಲ್ಲ. ಬಹುಪಾಲು ರೋಗಿಗಳಲ್ಲಿ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಇದು ಸರಿಹೋಗುತ್ತದೆ.

ಬಣ್ಣದ ಬಗ್ಗೆ ನೀವು ಕೇಳಿದ್ದು ನನ್ನನ್ನು ಹಳೆಯದೊಂದು ದಿನಕ್ಕೆ ಕರೆದೊಯ್ಯಿತು. ನಾನಿನ್ನೂ ಕಿರಿಯ ಶಸ್ತ್ರವೈದ್ಯನಾಗಿದ್ದಾಗ, ಕುತ್ತಿಗೆಯ ಕೊಬ್ಬಿನೊಳಗಿಂದ ಒಂದು ಪುಟ್ಟ ಕಂದು ಗಂಟನ್ನು ದುಗ್ಧಗ್ರಂಥಿಯೆಂದು ತಿಳಿದು ತೆಗೆದು ಕಳಿಸಿದ್ದೆ. ವಾರದ ನಂತರ ಬಂದ ರಿಪೋರ್ಟಿನಲ್ಲಿ ಅದು ಪ್ಯಾರಾಥೈರಾಯ್ಡ್ ಎಂದಿತ್ತು. ಆ ಹೊತ್ತಿಗಾಗಲೇ ಆ ಹೆಣ್ಣುಮಗಳು ಬೆರಳು ಸೆಟೆದುಕೊಂಡು ಎರಡು ಸಲ ಆಸ್ಪತ್ರೆಗೆ ಬಂದುಹೋಗಿದ್ದರು. ಆ ರಿಪೋರ್ಟನ್ನು ನಾನು ಮರೆತಿಲ್ಲ. ಹಳದಿ ಕೊಬ್ಬು, ಬೂದುಗೆಂಪು ಬಣ್ಣದ ದುಗ್ಧಗ್ರಂಥಿ, ಹಳದಿ ಬೆರೆತ ಕಂದು ಬಣ್ಣದ ಪ್ಯಾರಾಥೈರಾಯ್ಡ್: ಮೂರೂ ಒಂದೇ ಬೆರಳಗಲದಲ್ಲಿ, ರಕ್ತ ಮೆತ್ತಿಕೊಂಡು ಇರುವಾಗ ಬೇರೆಬೇರೆಯಾಗಿ ಗುರುತಿಸುವುದು ಎಷ್ಟು ಕಷ್ಟವೆಂಬುದು ಅಲ್ಲಿ ಕೈಯಿಟ್ಟವರಿಗೇ ಗೊತ್ತು.

ಇಂಗಾಲದ ನಿಜವಾದ ಉಪಕಾರ ಇಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ. ಥೈರಾಯ್ಡಿಗೆ ಚುಚ್ಚಿದ ಕಪ್ಪು ದುಗ್ಧಗ್ರಂಥಿಗಳಿಗೆ ಹರಿಯುತ್ತದೆ, ಪ್ಯಾರಾಥೈರಾಯ್ಡಿಗೆ ಹರಿಯುವುದಿಲ್ಲ. ಸುತ್ತಲೂ ಕಪ್ಪಾದಾಗ ಅದೊಂದು ತನ್ನ ಕಂದು ಬಣ್ಣದಲ್ಲಿಯೇ ಉಳಿದು, ಉಳಿಸಬೇಕಾದದ್ದು ಯಾವುದೆಂದು ತೋರಿಸಿಕೊಡುತ್ತದೆ. ಪ್ಯಾರಾಥೈರಾಯ್ಡ್ ಅಕಸ್ಮಾತ್ತಾಗಿ ತೆಗೆಯಲ್ಪಡುವುದೂ, ಆಪರೇಷನ್ನಿನ ಬೆನ್ನಲ್ಲೇ ಕ್ಯಾಲ್ಸಿಯಂ ಇಳಿಯುವುದೂ ಇದರಿಂದ ಕಡಿಮೆಯಾಗುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಬಣ್ಣ ಬಳಸಿದ್ದರೆ ನಿಮ್ಮ ತಾಯಿಗೆ ಹೀಗಾಗುತ್ತಲೇ ಇರಲಿಲ್ಲವೆಂದು ಹೇಳಲಾರೆ. ಗ್ರಂಥಿಯನ್ನು ಗುರುತಿಸುವುದು ಒಂದು, ಕೂದಲಿನಷ್ಟು ತೆಳುವಾದ ಅದರ ರಕ್ತನಾಳವನ್ನು ಉಳಿಸುವುದು ಇನ್ನೊಂದು. ಎರಡನೆಯದನ್ನು ಪರೀಕ್ಷಿಸಲು ಇಂಡೋಸಯನೀನ್ ಗ್ರೀನ್ ಎಂಬ ಹಸಿರು ದ್ರವವನ್ನು ಕೈಯ ರಕ್ತನಾಳಕ್ಕೆ ಕೊಟ್ಟು, ಅವಕೆಂಪು ಬೆಳಕಿನ ಕ್ಯಾಮೆರಾದಲ್ಲಿ ನೋಡುವ ವಿಧಾನವಿದೆ. ಶಸ್ತ್ರಚಿಕಿತ್ಸಾ ಕೊಠಡಿಯ ದೀಪ ಆರಿಸಿದ ಒಂದೆರಡು ನಿಮಿಷದಲ್ಲಿ ರಕ್ತ ಹರಿಯುತ್ತಿರುವ ಗ್ರಂಥಿ ಪರದೆಯ ಮೇಲೆ ಬೆಳಗುತ್ತದೆ. ಕತ್ತಲಾಗಿಯೇ ಉಳಿದರೆ ಅದನ್ನು ತೆಗೆದು, ಮಿಲಿಮೀಟರಿನಷ್ಟು ಚೂರುಗಳಾಗಿ ಹೆಚ್ಚಿ, ಕುತ್ತಿಗೆಯ ಸ್ನಾಯುವಿನೊಳಗೆ ನೆಡುತ್ತಾರೆ. ಅಲ್ಲಿ ಅದು ಬೇರುಬಿಟ್ಟು ಕೆಲವು ವಾರಗಳಲ್ಲಿ ಮತ್ತೆ ಕೆಲಸ ಆರಂಭಿಸಬಲ್ಲದು. ನಿಮ್ಮ ತಾಯಿಯ ಆಪರೇಷನ್ ಟಿಪ್ಪಣಿಯಲ್ಲಿ ಎಷ್ಟು ಪ್ಯಾರಾಥೈರಾಯ್ಡ್ ಕಂಡವು, ಯಾವುದನ್ನಾದರೂ ಹೀಗೆ ನೆಟ್ಟರೇ ಎಂಬುದು ಬರೆದಿರುತ್ತದೆ, ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಈ ಬಣ್ಣಗಳಿಂದ ಅಡ್ಡಪರಿಣಾಮಗಳಿವೆಯೇ? ನನಗೆ ಖಿನ್ನತೆಗೆ ಮಾತ್ರೆ ನಡೆಯುತ್ತಿದೆ, ಆಪರೇಷನ್ ನಂತರ ರೇಡಿಯೋ ಅಯೋಡಿನ್ (ವಿಕಿರಣಶೀಲ ಅಯೋಡಿನ್ ಚಿಕಿತ್ಸೆ) ಬೇಕಾಗಬಹುದು ಎಂದಿದ್ದಾರೆ. (ಬೆಂಗಳೂರಿನ ಓದುಗರು)

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು, ಎರಡೂ ಮುಖ್ಯ. ಮೆಥಿಲೀನ್ ಬ್ಲೂ ಮೆದುಳಿನಲ್ಲಿ ಸೆರೊಟೋನಿನ್ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳು ಸೆರೊಟೋನಿನ್ ಅನ್ನು ಹೆಚ್ಚಿಸುತ್ತವೆ. ಎರಡೂ ಸೇರಿದರೆ ಗಾಬರಿ, ಜ್ವರ, ಮೈನಡುಕದಿಂದ ಹಿಡಿದು ಪ್ರಾಣಾಪಾಯದವರೆಗೆ ಹೋಗಬಹುದು. ಮುಖ್ಯವಾಗಿ ಇದು ರಕ್ತನಾಳಕ್ಕೆ ಕೊಟ್ಟಾಗ ಕಂಡ ತೊಂದರೆಯಾದರೂ ಮೊದಲೇ ತಿಳಿಸುವುದು ಕ್ಷೇಮ. ಮೂತ್ರ ಒಂದೆರಡು ದಿನ ಹಸಿರುನೀಲಿಯಾಗುವುದಕ್ಕೆ ಹೆದರಬೇಕಿಲ್ಲ. ನೀಲಿ ಬಣ್ಣಗಳಿಂದ ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗುತ್ತದೆ. ಇಂಗಾಲದ ಕಣಗಳು ಚರ್ಮದಡಿ ಸೋರಿದರೆ ಕಪ್ಪು ಕಲೆ ಬಹುಕಾಲ ಉಳಿಯಬಹುದು. ಇಂಡೋಸಯನೀನ್ ಗ್ರೀನ್ ಪುಡಿಯಲ್ಲಿ ಅಲ್ಪ ಪ್ರಮಾಣದ ಅಯೋಡೈಡ್ ಇರುವುದರಿಂದ, ಅದನ್ನು ಕೊಟ್ಟ ಮೇಲೆ ಕನಿಷ್ಠ ಒಂದು ವಾರ ರೇಡಿಯೋ ಅಯೋಡಿನ್ ಹೀರುವಿಕೆಯ ಪರೀಕ್ಷೆ ಮಾಡಬಾರದೆಂಬ ಸೂಚನೆಯಿದೆ. ನಿಮ್ಮ ಚಿಕಿತ್ಸೆ ಹೇಗೂ ವಾರಗಳ ನಂತರ ನಡೆಯುವುದರಿಂದ ಅದು ಅಡ್ಡಿಯಾಗಲಾರದು, ಆದರೂ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ತಿಳಿಸಿ. ಖಿನ್ನತೆಯ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅರಿವಳಿಕೆ ವೈದ್ಯರು ಆಪರೇಷನ್ನಿನ ಮುನ್ನಾದಿನಗಳಲ್ಲಿ ನಿಮ್ಮನ್ನು ನೋಡುವಾಗ ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ. ನಿಮ್ಮ ಮಾತ್ರೆಗೆ ಹೊಂದದ ಬಣ್ಣದ ಬದಲು ಬೇರೆಯದನ್ನು ಆರಿಸಿಕೊಳ್ಳಲು, ಅಥವಾ ಬಣ್ಣವಿಲ್ಲದೆಯೇ ಶಸ್ತ್ರಚಿಕಿತ್ಸೆ ಮಾಡಲು ಅವರಿಗೆ ಆಗ ಸಮಯವಿರುತ್ತದೆ.